ದ್ವೇಷದ ಗುಂಪು ಸೇರುವವರು ಯಾರ ಮಕ್ಕಳು?

(ಬಂಗಾರಪೇಟೆಯಲ್ಲಿ ಸ್ತ್ರೀಶಕ್ತಿ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಬಿಳಿಯರೇ ಶ್ರೇಷ್ಠರು, ದೇಶ ಅವರೊಬ್ಬರದೇ ಎನ್ನುವ ಚಳವಳಿಗಳು ಅಮೆರಿಕದಲ್ಲಿವೆ, ಯೂರೋಪಿನಲ್ಲಿವೆ. ಅದಕ್ಕೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೆ.ಜಿ.ಎಫ್.ನಿಂದ ಬಂದವರು ಮಾತ್ರ ಕೇಳಲಾರರು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಅಲ್ಲಿ ಒಂದು ಕಡೆ ಬಿಳಿಯರ ಬಂಗಲೆ, ಕ್ಲಬ್ಬು. ಇನ್ನೊಂದು ಕಡೆ ಕೂಲಿ ಲೈನುಗಳು. ಸುರಂಗಕ್ಕೆ ಇಳಿಯುತ್ತಿದ್ದವರಲ್ಲಿ ಹೆಚ್ಚಿನವರು ತಮಿಳು ಮಾತಾಡುವ ದಲಿತರು. 1956ರಲ್ಲಿ ಸರ್ಕಾರ ಗಣಿಯನ್ನು ವಹಿಸಿಕೊಳ್ಳುವವರೆಗೂ ಬಣ್ಣ ನೋಡಿ ಹುದ್ದೆ ಕೊಡುವ ಪದ್ಧತಿಯನ್ನು ನಮ್ಮ ಅಜ್ಜಿಯರ ಕಾಲದವರು ಕಣ್ಣಾರೆ ಕಂಡಿದ್ದಾರೆ.

ಇಂಥ ಗುಂಪುಗಳಿಗೆ ಸೇರುವವರು ಯಾರು? ಓದಿಲ್ಲದವರು, ಕೆಲಸವಿಲ್ಲದ ಪುಂಡರು ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಹಾಗೆ ಹೇಳಿದರೆ ನಮಗೂ ನೆಮ್ಮದಿ. ನಮ್ಮ ಮನೆ ಬಚಾವಾಯಿತಲ್ಲ!

ಲೆಕ್ಕ ಬೇರೆಯೇ ಹೇಳುತ್ತದೆ. 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ಗುಂಪೊಂದು ನುಗ್ಗಿತು. ಅವರೆಲ್ಲರೂ ಬಿಳಿಯ ಜನಾಂಗವಾದಿಗಳಲ್ಲ ನಿಜ. ಆದರೆ ಅಂಥವರೂ ಅದರಲ್ಲಿದ್ದರು, ಬಂಧಿತರಲ್ಲಿ ಬಹುಪಾಲು ಬಿಳಿಯ ಗಂಡಸರು. ಶಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್ ಪೇಪ್ ಎಂಬ ಪ್ರಾಧ್ಯಾಪಕರು ಮೊದಲು ಬಂಧಿತರಾದವರ ವಿವರ ಕಲೆಹಾಕಿದರು. ಮೂರರಲ್ಲಿ ಎರಡು ಪಾಲು 35 ದಾಟಿದವರು. ಕೆಲಸವಿಲ್ಲದವರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ನೂರಕ್ಕೆ ಸುಮಾರು 40 ಮಂದಿ ಸ್ವಂತ ವ್ಯಾಪಾರದವರು ಇಲ್ಲವೇ ಆಫೀಸಿನ ಕೆಲಸದವರು. ಇಂಥವರು ಹೆಚ್ಚಾಗಿ ಬಂದದ್ದು ಬಿಳಿಯರ ಸಂಖ್ಯಾಪ್ರಮಾಣ ಇಳಿಯುತ್ತಿದ್ದ ಜಿಲ್ಲೆಗಳಿಂದ. ಅಂದರೆ ಅವರನ್ನು ಎಬ್ಬಿಸಿದ್ದು ಹಸಿವಲ್ಲ, ಇಷ್ಟು ದಿನ ನಮ್ಮದಾಗಿದ್ದ ಮೇಲಿನ ಮಣೆ ಎಲ್ಲಿ ಕೈತಪ್ಪುತ್ತದೋ ಎಂಬ ಭಯ. ಹೆಂಡತಿ ಸಂಪಾದಿಸತೊಡಗಿದಾಗ ಕೆಲವು ಗಂಡಂದಿರಿಗೆ ಕೈ ಮೇಲೇಳುತ್ತದಲ್ಲ, ಈ ಭಯ ನಿಮಗೆ ಪರಿಚಯವಿಲ್ಲದ್ದೇನಲ್ಲ.

ಹೆಂಗಸರು ಇದರಲ್ಲಿ ಇಲ್ಲವೆಂದುಕೊಳ್ಳಬೇಡಿ. 1920ರ ದಶಕದಲ್ಲಿ ಕೂ ಕ್ಲಕ್ಸ್ ಕ್ಲಾನ್ ಎಂಬ ಸಂಘಟನೆಗೆ ಪ್ರತ್ಯೇಕ ಮಹಿಳಾ ವಿಭಾಗವೇ ಇತ್ತು. ಇಂಡಿಯಾನಾ ರಾಜ್ಯದಲ್ಲಿ ಚರ್ಚಿಗೆ ಹೋಗುವ ಮರ್ಯಾದಸ್ಥ ಗೃಹಿಣಿಯರು ಯೆಹೂದಿ ಅಂಗಡಿಗಳ ಮೇಲೆ, ಕ್ಯಾಥೊಲಿಕ್ ಶಿಕ್ಷಕರ ಮೇಲೆ ಕಿವಿಯಿಂದ ಕಿವಿಗೆ ಗಾಳಿಮಾತು ಹಬ್ಬಿಸುತ್ತಿದ್ದರು. ಇದನ್ನು ಬರೆದ ಕ್ಯಾಥಲೀನ್ ಬ್ಲೀ ಎಂಬ ಸಮಾಜಶಾಸ್ತ್ರಜ್ಞೆ ಆಮೇಲೆ ನಮ್ಮ ಕಾಲದ ಇಂಥ ಗುಂಪುಗಳ 34 ಮಹಿಳೆಯರನ್ನು ಮಾತಾಡಿಸಿ 2002ರಲ್ಲಿ ಪುಸ್ತಕ ತಂದರು. ಅವರಲ್ಲಿ ಹೆಚ್ಚಿನವರು ಬಡವರಲ್ಲ, ಓದಿದವರು, ಕೆಲಸದಲ್ಲಿದ್ದವರು. ಗೆಳತಿ ಕರೆದಳು, ಪರಿಚಯದವರು ಕರೆದರು ಎಂದು ಹೋದವರು. ಮೊದಲು ದ್ವೇಷ ಹುಟ್ಟಿ ಆಮೇಲೆ ಗುಂಪು ಹುಡುಕಿದವರು ಕಡಿಮೆ. ಗುಂಪು ಸೇರಿದ ಮೇಲೆ ದ್ವೇಷ ಕಲಿತವರೇ ಹೆಚ್ಚು. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಮಾತು ಇದು.

ಇನ್ನು ನಮ್ಮ ಕಡೆಗೆ ಬರೋಣ. 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನ ತಮಿಳು ಕೂಲಿಗಳ ಗುಡಿಸಲುಗಳಿಗೆ ಬೆಂಕಿ ಬಿತ್ತು. ಸಾವಿರಾರು ಜನ ಮಕ್ಕಳನ್ನೆತ್ತಿಕೊಂಡು ರಾಜ್ಯ ಬಿಟ್ಟು ಓಡಿದರು. ನದಿಯ ನೀರು ಹಾಯಿಸಿಕೊಳ್ಳಲು ಆ ಕೊಳೆಗೇರಿಯವರಿಗೆ ಒಂದು ಗುಂಟೆ ನೆಲವೂ ಇರಲಿಲ್ಲ! ಕನ್ನಡವನ್ನು ಪ್ರೀತಿಸುವುದು ಬೇರೆ, ನಾನು ಜೀವಮಾನವಿಡೀ ಪಾಠ ಹೇಳಿದ್ದು ಕನ್ನಡದ ನೆಲದಲ್ಲೇ. ನೆರೆಯವನ ಗುಡಿಸಲು ಸುಡುವುದು ಬೇರೆ. 2001ರಲ್ಲಿ ಗಣಿ ಮುಚ್ಚಿತು. ಅಂದಿನಿಂದ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಿಬರುವ ಹುಡುಗರು ಎಷ್ಟೋ ಮಂದಿ. ತಮಿಳರ ಮಗನಾಗಲಿ, ಕನ್ನಡ ತೆಲುಗಿನವರ ಮಗನಾಗಲಿ, 'ನಿನ್ನ ಪಾಲು ಇನ್ನೊಬ್ಬ ತಿಂದ' ಎಂದು ಕಿವಿಯೂದುವವರು ಅವನಿಗೆ ಮೊದಲು ಕೊಡುವುದು ಭಾಷಣವನ್ನಲ್ಲ. ಟೀ ಕುಡಿಸುತ್ತಾರೆ, ಜೊತೆ ಕೊಡುತ್ತಾರೆ, ಅಣ್ಣಾ ಎನ್ನುತ್ತಾರೆ.

ಮನೆಯೊಳಗಿನ ಒಂದು ಗುರುತನ್ನೂ ಹೇಳಬೇಕು. 2017ರ ಆಗಸ್ಟಿನಲ್ಲಿ ಅಮೆರಿಕದ ಶಾರ್ಲಟ್ಸ್‌ವಿಲ್ ಊರಿನಲ್ಲಿ ಬಿಳಿಯ ಜನಾಂಗವಾದಿಗಳು ಮೆರವಣಿಗೆ ಮಾಡಿದರು. ಅವರನ್ನು ವಿರೋಧಿಸಲು ನಿಂತಿದ್ದ ಹೆದರ್ ಹೇಯರ್ ಎಂಬಾಕೆಯ ಮೇಲೆ 20 ವರ್ಷದ ಹುಡುಗನೊಬ್ಬ ಕಾರು ಹರಿಸಿ ಕೊಂದ. ಅವನ ತಾಯಿ ಗಾಲಿಕುರ್ಚಿಯಲ್ಲಿ ಓಡಾಡುವ ಹೆಂಗಸು. ಮಗ ಹೊಡೆಯುತ್ತಾನೆ, ಹೆದರಿಸುತ್ತಾನೆ ಎಂದು ವರ್ಷಗಳ ಹಿಂದೆಯೇ ಆಕೆ ಪೊಲೀಸರನ್ನು ಕರೆದಿದ್ದಳು. 

ನಾರ್ವೆ ದೇಶದಲ್ಲಿ 1990ರ ದಶಕದಲ್ಲಿ ಇಂಥ ಹುಡುಗರ ತಂದೆತಾಯಂದಿರು ನಿಮ್ಮ ಸಂಘಗಳಂತೆಯೇ ಗುಂಪು ಕಟ್ಟಿಕೊಂಡರು. ಮಗನನ್ನು ಮನೆಯಿಂದ ಹೊರಹಾಕಲಿಲ್ಲ. ನಾಚಿಕೆ ಬಿಟ್ಟು ಒಬ್ಬರ ಮನೆಯ ಸುದ್ದಿ ಇನ್ನೊಬ್ಬರಿಗೆ ಹೇಳಿದರು. ಯಾರ ಜೊತೆ ಓಡಾಡುತ್ತಾರೆ ಎಂಬುದು ಹೀಗೆ ಗೊತ್ತಾಗುತ್ತಿತ್ತು. ಹಲವು ಹುಡುಗರು ಹಿಂತಿರುಗಿದರು.

ಇಲ್ಲಿಗೆ ನಿಲ್ಲಿಸುತ್ತೇನೆ. ಏನಾದರೂ ಕೇಳುವುದಿದ್ದರೆ ಕೇಳಿ. ತಮಿಳಿನಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ ಕೇಳಿದರೂ ಆಯಿತು, ಪಕ್ಕದವರು ನನಗೆ ಹೇಳುತ್ತಾರೆ.