ರೋಮಕರ ರಾಜ್ಯಕಾರಣವೂ ನಮ್ಮ ಚುನಾವಣೆಯೂ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಪಾಠಶಾಲೆಯ ಜಗಲಿಯಲ್ಲಿ ಕುಳಿತು ವ್ಯಾಕರಣ ತರ್ಕಗಳನ್ನು ಕಲಿತ ನನ್ನಂಥವನು ರೋಮಕರ ಕಥೆಯನ್ನು ಹೇಳಹೊರಟುದು ನಿಮ್ಮಲ್ಲಿ ಕೆಲವರಿಗೆ ಸೋಜಿಗವಾದೀತು. ಅದಕ್ಕೊಂದು ಕಾರಣವುಂಟು. ಕಳೆದ ಚುನಾವಣೆಯ ಕಾಲದಲ್ಲಿ ದಾಸೋಹದ ಪಂಕ್ತಿಯಿಂದೆದ್ದು ಬಂದ ರೈತಭಕ್ತನೊಬ್ಬನು ನನ್ನನ್ನು ಕೇಳಿದನು: “ಶಾಸ್ತ್ರಿಗಳೇ, ಮನೆಬಾಗಿಲಿಗೆ ಬಂದು ಹಣ ಕೊಡುತ್ತಾರೆ. ಬೇಡವೆಂದರೆ ಹಗೆ. ತೆಗೆದುಕೊಂಡು, ನನಗೆ ಸರಿಕಂಡವರಿಗೇ ಮತ ಹಾಕಿದರೆ ದೋಷವೇನು?” ನಾನು ಅದು ಪಾಪವೆಂದಷ್ಟೇ ಹೇಳಿ ಕಳುಹಿಸಿದೆನು. ಆತನು ಕೈಮುಗಿದು ಹೋದನು. ಆದರೆ ಆತನಿಗೆ ಸಮಾಧಾನವಾಗಲಿಲ್ಲವೆಂಬುದು ಮುಖದಲ್ಲಿಯೇ ಕಾಣುತ್ತಿದ್ದಿತು. ತರುವಾಯ ರೋಮಿನ ಚರಿತ್ರೆಯನ್ನು ಓದುವಾಗ, ಇದೇ ಪ್ರಶ್ನೆಯು ಎರಡು ಸಾವಿರ ವರ್ಷಗಳ ಹಿಂದೆ ಆ ಮಹಾರಾಜ್ಯವನ್ನು ಕಾಡಿದ್ದುದನ್ನು ಕಂಡೆನು. ಅಂದು ಕೊಡಲಾರದೆಹೋದ ಉತ್ತರವನ್ನು ಇಂದು ನಿಮ್ಮೆಲ್ಲರ ಮುಂದೆ ಅರಿಕೆ ಮಾಡುತ್ತೇನೆ.

ರೋಮಕರು ತಮ್ಮ ಅರಸನನ್ನು ಹೊರದೂಡಿದುದು ಕ್ರಿ. ಪೂ. 509ರಲ್ಲಿ ಎಂದು ಪರಂಪರೆಯು ಹೇಳುತ್ತದೆ. ಅಂದಿನಿಂದ ಕಾನ್ಸಲ್ ಎಂಬ ಇಬ್ಬರು ಅಧಿಪತಿಗಳನ್ನು ವರ್ಷಕ್ಕೊಮ್ಮೆ ಪ್ರಜೆಗಳೇ ಆರಿಸತೊಡಗಿದರು. ಒಬ್ಬನೇ ಇದ್ದರೆ ಅರಸನಾದಾನು, ಬಹುಕಾಲವಿದ್ದರೂ ಅರಸನಾದಾನು ಎಂಬ ಭಯದಿಂದಲೇ ಇಬ್ಬರು, ಅದರಿಂದಲೇ ಒಂದು ವರ್ಷ. ಪದವಿಯನ್ನು ಬಯಸಿದವನು ಸುಣ್ಣದಿಂದ ಬೆಳ್ಳಗೆ ಮಾಡಿದ ಉಡುಪನ್ನು ಧರಿಸಿ ಚಾವಡಿಗೆ ಬರುತ್ತಿದ್ದನು. ಅವರ ಭಾಷೆಯಲ್ಲಿ ‘ಕ್ಯಾಂಡಿಡಾ’ ಎಂದರೆ ಬಿಳುಪು. ಇಂಗ್ಲಿಷಿನ ‘ಕ್ಯಾಂಡಿಡೇಟ್’ ಶಬ್ದದ ವ್ಯುತ್ಪತ್ತಿಯು ಇದೇ. ಆತನ ಬೆನ್ನಹಿಂದೆ ಒಬ್ಬ ದಾಸನು ನಡೆಯುತ್ತ, ಎದುರಾದವರ ಹೆಸರನ್ನು ಕಿವಿಯಲ್ಲಿ ಉಸುರುತ್ತಿದ್ದನು. ಯಜಮಾನನು ಹಳೆಯ ಗೆಳೆಯನೆಂಬಂತೆ ಹೆಸರು ಹಿಡಿದು ಕರೆದು ಕೈಹಿಡಿಯುತ್ತಿದ್ದನು. ನಿಮ್ಮ ನಗೆಯನ್ನು ನೋಡಿದರೆ ಇಂಥವರನ್ನು ನೀವೂ ಕಂಡಿರುವಿರೆಂದು ತೋರುತ್ತದೆ.

ಮತವನ್ನು ಬಾಯಿಂದ ಹೇಳುವ ಪದ್ಧತಿಯು ಮೊದಲಿದ್ದಿತು. ದೊಡ್ಡವರ ಮುಂದೆ ಬಡವನು ಬಾಯಿ ಬಿಡುವುದೆಂತು? ಆದುದರಿಂದ ಕ್ರಿ. ಪೂ. 139ರಲ್ಲಿ ಮೇಣ ಬಳಿದ ಹಲಗೆಯ ಮೇಲೆ ಬರೆದು ಗುಪ್ತವಾಗಿ ಹಾಕುವ ಶಾಸನವಾಯಿತು. ಮತದಾರರು ದಾಟಿ ಬರುವ ಸಂಕದ ಮೇಲೆ ಬಲಿಷ್ಠರು ನಿಂತು ಹಲಗೆಯನ್ನು ಇಣುಕುತ್ತಿದ್ದುದರಿಂದ, ಕ್ರಿ. ಪೂ. 119ರಲ್ಲಿ ಮೇರಿಯಸ್ ಎಂಬವನು ಆ ಸಂಕಗಳನ್ನೇ ಕಿರಿದುಗೊಳಿಸಿದನು. ಇಂಗ್ಲೆಂಡಿನಲ್ಲಿ ಗುಪ್ತಮತವು ಬಂದುದು 1872ರಲ್ಲಿ ಎಂಬುದನ್ನು ನೆನೆದರೆ ಇದರ ಹಿರಿಮೆ ತಿಳಿಯುವುದು.

ಹೀಗೆ ಭಯದ ಬಾಗಿಲು ಮುಚ್ಚಿತು. ಆಸೆಯ ಬಾಗಿಲು ಮಾತ್ರ ತೆರೆದೇ ಇದ್ದಿತು. ಹಣ ಹಂಚುವುದೇ ಕೆಲವರಿಗೆ ವೃತ್ತಿಯಾಯಿತು. ಗೆದ್ದ ಮೇಲೆ ಕೊಡತಕ್ಕ ಹಣವನ್ನು ನಡುವಣ ಒಬ್ಬನಲ್ಲಿ ಇರಿಸುತ್ತಿದ್ದರು. ಒಬ್ಬೊಬ್ಬನ ಹಲಗೆಯನ್ನು ನೋಡಬೇಕಾಗಿರಲಿಲ್ಲ. ಗುಂಪು ಗುಂಪಾಗಿ ಎಣಿಸುವ ಮತದಲ್ಲಿ ಯಾವ ಗುಂಪು ಯಾರ ಕಡೆಗೆ ಬಂದಿತೆಂದು ತಿಳಿದರೆ ಸಾಕಾಗಿತ್ತು. ಕ್ರಿ. ಪೂ. 54ರ ಚುನಾವಣೆಗಾಗಿ ಅಭ್ಯರ್ಥಿಗಳು ಎಷ್ಟು ಸಾಲವೆತ್ತಿದರೆಂದರೆ, ರೋಮಿನಲ್ಲಿ ಬಡ್ಡಿಯು ನೂರಕ್ಕೆ ನಾಲ್ಕರಿಂದ ಎಂಟಕ್ಕೆ ಏರಿತೆಂಬುದು ಸಿಸೆರೋ ಪಂಡಿತನ ಪತ್ರದಿಂದ ತಿಳಿದುಬರುತ್ತದೆ. ಶಾಸನಗಳಿಗೇನೂ ಕೊರತೆಯಿರಲಿಲ್ಲ. ಕ್ರಿ. ಪೂ. 63ರಲ್ಲಿ ಆ ಸಿಸೆರೋವೇ ಲಂಚದ ಅಭ್ಯರ್ಥಿಗೆ ಹತ್ತು ವರ್ಷದ ದೇಶಭ್ರಷ್ಟತೆಯನ್ನು ವಿಧಿಸಿದ್ದನು. ಅದೇ ವರ್ಷ ಸೀಸರನು ಪ್ರಧಾನ ಪುರೋಹಿತನ ಪದವಿಗೆ ಸಾಲಮಾಡಿ ನಿಂತು, ಗೆಲ್ಲದಿದ್ದರೆ ಮನೆಗೆ ಮರಳುವುದಿಲ್ಲವೆಂದು ತಾಯಿಗೆ ಹೇಳಿ ಹೋದನಂತೆ.

ಈ ಸಾಲವನ್ನು ತೀರಿಸಿದವರು ಯಾರು? ಭಕ್ತರೇ, ಈ ಮಾತನ್ನು ಲಕ್ಷ್ಯವಿಟ್ಟು ಕೇಳಬೇಕು. ರೋಮಿನಲ್ಲಿ ಅಧಿಕಾರಾವಧಿ ಮುಗಿದವನಿಗೆ ಒಂದು ಪ್ರಾಂತದ ಆಡಳಿತವು ದೊರೆಯುತ್ತಿದ್ದಿತು. ವೆರ್ರೆಸ್ ಎಂಬವನು ಕ್ರಿ. ಪೂ. 73ರಿಂದ ಮೂರು ವರ್ಷ ಸಿಸಿಲಿ ದ್ವೀಪವನ್ನಾಳಿ, ರೈತರ ಧಾನ್ಯವನ್ನೂ ದೇವಾಲಯಗಳ ಮೂರ್ತಿಗಳನ್ನೂ ಸೂರೆಗೊಂಡನು. ಒಂದು ವರ್ಷದ ಗಳಿಕೆ ತನಗೆ, ಇನ್ನೊಂದರದು ತನ್ನ ಪಕ್ಷಪಾತಿಗಳಿಗೆ, ಮೂರನೆಯದು ತನ್ನನ್ನು ವಿಚಾರಿಸುವ ನ್ಯಾಯಾಧಿಪತಿಗಳಿಗೆ ಎಂದು ಆತನು ಲೆಕ್ಕ ಹಾಕಿದ್ದನೆಂದು ಸಿಸೆರೋ ಆಪಾದಿಸಿದನು. ನಗರದ ಚಾವಡಿಯಲ್ಲಿ ಮತದಾರನ ಕೈಸೇರುತ್ತಿದ್ದ ನಾಣ್ಯವು ಎಲ್ಲಿಯೋ ಒಬ್ಬ ಬೇಸಾಯಗಾರನ ಕಣಜದಿಂದಲೇ ಹುಟ್ಟಬೇಕಾಗಿದ್ದಿತು.

ಈ ಕೆಡಕಿನ ನಡುವೆ ಕೇಟೋ ಎಂಬ ಒಬ್ಬ ನಿಷ್ಠುರನಿದ್ದನು. ಕ್ರಿ. ಪೂ. 54ರಲ್ಲಿ ಟ್ರಿಬ್ಯೂನ್ ಪದವಿಯ ಅಭ್ಯರ್ಥಿಗಳು ತಲೆಗೆ ಐದು ಲಕ್ಷ ಸೆಸ್ಟರ್ಸ್ ನಾಣ್ಯಗಳ ಹೊಣೆಯನ್ನು ಆತನಲ್ಲಿ ಒಡ್ಡಿ, ಲಂಚ ಕೊಟ್ಟವನು ಅದನ್ನು ಕಳೆದುಕೊಳ್ಳತಕ್ಕುದೆಂದು ಒಪ್ಪಿದರು. ಅನೇಕ ಶಾಸನಗಳಿಂದಾಗದುದು ಒಬ್ಬನ ನಡತೆಯ ಮೇಲಿನ ನಂಬಿಗೆಯಿಂದಾಯಿತು. ಇದೇ ಕೇಟೋ ಮುಂದೆ ಕಾನ್ಸಲ್ ಪದವಿಗೆ ನಿಂತು, ಓಲೈಸಲೊಪ್ಪದೆ ಸೋತನು. ಸೋತ ದಿನವೇ ಎಂದಿನಂತೆ ಚೆಂಡಾಟವಾಡಿದನೆಂದು ಪ್ಲುಟಾರ್ಕನು ಬರೆದಿದ್ದಾನೆ. ಸೋಲನ್ನು ಹೀಗೆ ತಾಳಬಲ್ಲವರು ಬಹಳ ಮಂದಿ ಇದ್ದಿದ್ದರೆ ರೋಮು ಉಳಿಯುತ್ತಿದ್ದಿತು.

ಆದರೆ ಕ್ರಿ. ಪೂ. 52ರ ಆರಂಭದಲ್ಲಿ ಕಾನ್ಸಲರೇ ಇರಲಿಲ್ಲ. ಬೀದಿಯ ದಂಡುಗಳು ಬಡಿದಾಡಿ ಚುನಾವಣೆಯನ್ನೇ ನಿಲ್ಲಿಸಿದ್ದುವು. ಕ್ಲೋಡಿಯಸ್ ಎಂಬ ನಾಯಕನ ಕೊಲೆಯಾಗಲು, ಆತನ ಚಿತೆಯ ಬೆಂಕಿಯಲ್ಲಿ ಸೆನೆಟ್ ಸಭಾಮಂದಿರವೇ ಸುಟ್ಟುಹೋಯಿತು. ಪದವಿಯಿಂದಿಳಿದರೆ ವಿಚಾರಣೆಗೆ ಗುರಿಯಾಗಬೇಕೆಂಬ ಭಯವಿದ್ದ ಸೀಸರನು ಕ್ರಿ. ಪೂ. 49ರಲ್ಲಿ ಸೈನ್ಯದೊಡನೆ ರೂಬಿಕನ್ ಹೊಳೆಯನ್ನು ದಾಟಿದನು. ಮುಂದಿನ ಯುದ್ಧಗಳನ್ನು ವಿಸ್ತರಿಸುವುದಿಲ್ಲ. ಕ್ರಿ. ಶ. 14ರಲ್ಲಿ ಅಧಿಕಾರಿಗಳ ಆಯ್ಕೆಯು ಪ್ರಜೆಗಳ ಕೈಯಿಂದ ಸೆನೆಟ್ಟಿಗೆ ಹೋಯಿತು. ಪ್ರಜೆಗಳು ಒಂದಿಷ್ಟು ಗೊಣಗಿ ಸುಮ್ಮನಾದರೆಂದು ಟ್ಯಾಸಿಟಸ್ ಹೇಳುತ್ತಾನೆ. ಬಹುಕಾಲ ಮಾರಿದ ವಸ್ತುವನ್ನು ಕಳೆದುಕೊಂಡಾಗ ಅಳುವವರಾರು?

ನಮಗೂ ರೋಮಕರಿಗೂ ಭೇದವಿಲ್ಲವೆಂದು ನಾನು ಹೇಳುತ್ತಿಲ್ಲ. ಅಲ್ಲಿ ಸ್ತ್ರೀಯರಿಗೂ ದಾಸರಿಗೂ ಮತವಿರಲಿಲ್ಲ. ಕಾನ್ಸಲರನ್ನಾರಿಸುವ ಸಭೆಯ 193 ಗುಂಪುಗಳಲ್ಲಿ ಆಸ್ತಿಯಿಲ್ಲದವರೆಲ್ಲರಿಗೂ ಸೇರಿ ಒಂದೇ ಗುಂಪು. ಅವರ ಸರದಿ ಬರುವ ಮೊದಲೇ ಬಹುಮತವು ತೀರ್ಮಾನವಾಗುತ್ತಿದ್ದುದೇ ಹೆಚ್ಚು. ನಮ್ಮಲ್ಲಿ 1951–52ರ ಮೊದಲನೆಯ ಮಹಾಚುನಾವಣೆಯಿಂದಲೂ ಸಿರಿವಂತನದೂ ಕೂಲಿಕಾರನದೂ ಮತದ ಬೆಲೆ ಒಂದೇ. ಮತಕ್ಕಾಗಿ ಹಣ ಕೊಡುವುದೂ ಪಡೆಯುವುದೂ ನಮ್ಮ ಕಾನೂನಿನಲ್ಲಿ ಅಪರಾಧವಾಗಿದೆ. ರೋಮಿನ ಬಡವನಿಗೆ ಮಾರಲು ಇದ್ದುದು ಅತ್ಯಲ್ಪ; ನಮ್ಮ ಬಡವನ ಕೈಯಲ್ಲಿರುವುದು ಪೂರ್ಣವಾದ ಒಂದು ಮತ. ನಾವು ಕಳೆದುಕೊಂಡರೆ ನಷ್ಟವು ಅವರದಕ್ಕಿಂತ ದೊಡ್ಡದು.

ಆ ರೈತಭಕ್ತನು ಈ ಸಭೆಯಲ್ಲಿದ್ದರೆ ಆತನಿಗೆ ಹೇಳುವುದಿಷ್ಟು: ಅಪ್ಪಾ, ನೀನು ಯಾರಿಗೆ ಮತ ಹಾಕಿದೆಯೆಂಬುದು ಕೊಟ್ಟವನಿಗೆ ತಿಳಿಯದಿರಬಹುದು. ಆದರೆ ಆತನು ನಿನ್ನೊಬ್ಬನನ್ನು ಕೊಳ್ಳಲು ಬಂದವನಲ್ಲ, ಊರನ್ನು ಕೊಳ್ಳಲು ಬಂದವನು. ಗೆದ್ದವನು ಯಾರೇ ಆಗಲಿ, ಹಂಚಿದ ಹಣವು ಬಡ್ಡಿ ಸಹಿತ ನಿನ್ನ ಕೆರೆಯ ಹೂಳಿನಲ್ಲಿ, ನಿನ್ನ ಮಗುವಿನ ಶಾಲೆಯ ಮಾಡಿನಲ್ಲಿ ವಸೂಲಾಗುವುದು. ಹಣವಿಲ್ಲದ ಸಜ್ಜನನು ನಿಲ್ಲಲೇ ಅಂಜುವನು. ಆಗ ನಿನಗೆ ಸರಿಕಂಡವನು ಕಣದಲ್ಲಿಯೇ ಇರುವುದಿಲ್ಲ. ಒಬ್ಬನೇ ಬೇಡವೆಂದರೆ ಹಗೆಯೆಂದೆ, ಅದು ನಿಜ. ಓಣಿಯವರೆಲ್ಲರೂ ಕೂಡಿ ಬೇಡವೆಂದರೆ ಹಗೆ ಸಾಧಿಸುವವನು ಯಾರನ್ನು ಸಾಧಿಸಬೇಕು? ಆ ಕೂಡುವಿಕೆಯನ್ನು ಇಂಥ ಸಭೆಗಳಲ್ಲಿ ಆರಂಭಿಸಬಹುದೆಂದೇ ಈ ಮಾತನ್ನು ಇಲ್ಲಿ ಆಡಿದೆನು.