ಚಪ್ಪಾಳೆ ಆಯಿತು, ಇನ್ನು ಅರ್ಜಿ ಬರೆಯಿರಿ

ನಾಲವಾರದ ತಮ್ಮಂದಿರೇ, ತಂಗಿಯರೇ,

2022ರ ಏಪ್ರಿಲ್ 28ರಂದು ‘ಜನ ಗಣ ಮನ’ ಎಂಬ ಮಲಯಾಳಂ ಸಿನಿಮಾ ತೆರೆಗೆ ಬಂತು. ನಿರ್ದೇಶಕ ಡಿಜೊ ಜೋಸ್ ಆಂಟನಿ. ಪ್ರಾಧ್ಯಾಪಕಿಯೊಬ್ಬಳ ಕೊಲೆ, ಬೀದಿಗಿಳಿದ ವಿದ್ಯಾರ್ಥಿಗಳು, ಆರೋಪಿಗಳನ್ನು ಗುಂಡಿಟ್ಟು ಕೊಂದ ಪೊಲೀಸ್ ಅಧಿಕಾರಿಗೆ ಜೈಕಾರ. ಆಮೇಲೆ ಕೋರ್ಟಿನಲ್ಲಿ ವಕೀಲ ಒಂದೊಂದೇ ಗಂಟು ಬಿಚ್ಚುತ್ತಾನೆ. ಒಳಗಿಂದ ಜಾತಿಯ ಕಿರುಕುಳವೂ ರಾಜಕಾರಣದ ಸಂಚೂ ಹೊರಬೀಳುತ್ತವೆ. ಮೊಬೈಲಿನಲ್ಲಿ ನೋಡಿ ನೀವೂ ಶಿಳ್ಳೆ ಹೊಡೆದಿರಬಹುದು.

ಅದರ ಮರುದಿನ, ಏಪ್ರಿಲ್ 29ರಂದು, ಏನಾಯಿತು ನೆನಪಿದೆಯೇ? 545 ಪಿಎಸ್ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದಿದ್ದ ಪರೀಕ್ಷೆಯನ್ನು ಸರ್ಕಾರ ರದ್ದು ಮಾಡಿತು. ಹಗರಣದ ಹೊಗೆ ಮೊದಲು ಎದ್ದದ್ದು ನಮ್ಮ ಕಲಬುರಗಿಯ ಪರೀಕ್ಷಾ ಕೇಂದ್ರದಿಂದ. ಖಾಲಿ ಬಿಟ್ಟ ಒಎಂಆರ್ ಹಾಳೆಗಳು ಆಮೇಲೆ ತುಂಬಿದವು, ಕಿವಿಯ ಬ್ಲೂಟೂತ್‌ಗೆ ಉತ್ತರಗಳು ಬಂದವು ಎಂಬ ಆರೋಪ. ಸಿಐಡಿ ತನಿಖೆ ಹಿರಿಯ ಪೊಲೀಸ್ ಅಧಿಕಾರಿಯ ಬಂಧನದವರೆಗೂ ಹೋಯಿತು.

ಪೆಟ್ಟು ಬಿದ್ದದ್ದು ಯಾರಿಗೆ? ರಾತ್ರಿಯೆಲ್ಲ ಓದಿ, ಬೆಳಗ್ಗೆ ಎದ್ದು ಓಡಿ, ನ್ಯಾಯವಾಗಿ ಪಾಸಾದವರಿಗೂ ಬಿತ್ತು. ಮರುಪರೀಕ್ಷೆಯ ನಿರ್ಧಾರವನ್ನು ಹೈಕೋರ್ಟ್ ಎತ್ತಿಹಿಡಿದದ್ದು 2023ರ ನವೆಂಬರ್‌ನಲ್ಲಿ. ಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ನೌಕರಿಯ ವಯಸ್ಸು ಓಡುತ್ತಿರುವಾಗ ಎರಡು ವರ್ಷಕ್ಕೂ ಮೇಲೆ ಸುಮ್ಮನೆ ಕರಗಿತು. ಇದಕ್ಕೆ ಮಧ್ಯಂತರವೂ ಇರಲಿಲ್ಲ, ಶುಭಂ ಕೂಡ ಇರಲಿಲ್ಲ.

ನಾಳೆ ಯಾರೋ ನಿಮ್ಮ ಮನೆಗೂ ಬಂದಾರು. ‘ಇಷ್ಟು ಲಕ್ಷ ಕೊಡ್ರಿ, ಹುಡುಗನ ನೌಕರಿ ಪಕ್ಕಾ’ ಅಂದಾರು. ಅಪ್ಪ ತೊಗರಿ ಹೊಲ ಮಾರಲು ಎದ್ದರೆ ಕೈ ಹಿಡಿದು ಕೂರಿಸಿ. ಹೊಲ ಮಾರಿ ಟೋಪಿ ಕೊಂಡವನು ಹಾಕಿದ ಗಂಟು ಎತ್ತದೆ ಬಿಡುವನೇ? ಎತ್ತುವುದು ಯಾರಿಂದ? ದೂರು ಹಿಡಿದು ಠಾಣೆಯ ಮೆಟ್ಟಿಲು ಹತ್ತಿದ ಯಾರದೋ ಅವ್ವನಿಂದ. ಅನ್ಯಾಯ ಹುಟ್ಟುವ ಜಾಗ ಅದೇ.

ನಮಗೆ ದಾರಿಗಳಿಲ್ಲವೆಂದಲ್ಲ. ಹೈದರಾಬಾದ್ ಕರ್ನಾಟಕದ ಜನ ವರ್ಷಗಟ್ಟಲೆ ಹೋರಾಡಿದ್ದಕ್ಕೆ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ 371ಜೆ ವಿಧಿ ಬಂತು; ಹುದ್ದೆಯಲ್ಲೂ ಕಾಲೇಜು ಸೀಟಿನಲ್ಲೂ ನಮಗೆ ಪಾಲು ಸಿಕ್ಕಿತು. ಹಿರಿಯರು ಗೆದ್ದು ತಂದದ್ದನ್ನು ಕಿರಿಯರು ಕಾಯಬೇಕು. ಕಾಯುವ ಕೆಲಸಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಒಂದು ವಿಷಯ, 150 ಪದದೊಳಗಿನ ಅರ್ಜಿ, 10 ರೂಪಾಯಿ ಶುಲ್ಕ. ಬಡತನ ರೇಖೆಗಿಂತ ಕೆಳಗಿದ್ದರೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ.

ಸಿನಿಮಾದ ವಕೀಲ ಕೋರ್ಟನ್ನು ನಡುಗಿಸಿದ್ದು ಬರೀ ಮಾತಿನಿಂದಲ್ಲ, ಪ್ರಶ್ನೆ ಕೇಳಿ. ನೀವೂ ಕೇಳಿ. ನಮ್ಮ ಓಣಿಯ ಚರಂಡಿಗೆ ಎಷ್ಟು ದುಡ್ಡು ಬಂತು? ಬಿಲ್ ಆದ ರಸ್ತೆ ಎಲ್ಲಿದೆ? ವಿದ್ಯಾರ್ಥಿವೇತನ ಯಾಕೆ ನಿಂತಿತು? ಒಬ್ಬರೇ ಹೋಗಬೇಡಿ, ಐದು ಜನ ಕೂಡಿ ಹೋಗಿ. ಗ್ರಾಮಸಭೆಯಲ್ಲಿ ಹಿಂದಿನ ಸಾಲು ಬಿಟ್ಟು ಮುಂದೆ ಕೂರಿ. ತಂಗಿಯರೇ, ನೀವು ಮೊದಲು ಮಾತಾಡಿ.

ಇವತ್ತೇ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಬರೆಯಿರಿ, ಕೊಡಿ. ಸ್ವೀಕೃತಿ ಕೈಗೆ ಬರದೆ ಕಚೇರಿಯ ಹೊಸ್ತಿಲು ದಾಟಬೇಡಿ.