ಕಾಡುಮೃಗ ಯಾರ ಸೊತ್ತು? ಆಫ್ರಿಕಾದ ದಕ್ಷಿಣ ದೇಶಗಳ ಬೇಟೆನೀತಿ

(ಬಳಗದ ವಾರ್ಷಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾಡುಹಂದಿ, ಮಂಗ, ಆನೆಗಳಿಂದ ಬೆಳೆ ಕಳೆದುಕೊಂಡವರು ಸೇರುವ ಸಭೆಗಳಲ್ಲಿ ಆಫ್ರಿಕಾದ ಹೆಸರು ಆಗಾಗ ಕೇಳಿಬರುತ್ತದೆ. "ಅಲ್ಲಿ ಬೇಟೆಗೆ ಅನುಮತಿ ಇದೆ, ಆದರೂ ಮೃಗಗಳು ಹೆಚ್ಚಿವೆ, ನಮ್ಮಲ್ಲಿ ಏಕೆ ಕೂಡದು?" ಎಂಬುದು ಒಂದು ವಾದ. "ಅದು ಹಣವಂತರ ಕ್ರೂರ ಮೋಜು, ಅದರಿಂದ ಸಂರಕ್ಷಣೆ ಆಗುತ್ತದೆಂಬುದು ಬರಿಯ ನೆಪ" ಎಂಬುದು ಇನ್ನೊಂದು. ಎರಡು ವಾದಗಳಿಗೂ ಅಲ್ಲಿಂದಲೇ ಪುರಾವೆ ತರಬಹುದು. ಹಾಗಾದರೆ ನಿಜವೇನು? ಇದನ್ನು ಅರಿಯಬೇಕಾದರೆ ಕೋವಿಯನ್ನು ಸ್ವಲ್ಪ ಬದಿಗಿಟ್ಟು, ಕಾಡುಮೃಗದ ಮೇಲಿನ ಹಕ್ಕು ಯಾವ ಕಾಲದಲ್ಲಿ ಯಾರ ಕೈಯಲ್ಲಿತ್ತು ಎಂಬುದನ್ನು ನೋಡಬೇಕು.

ಯುರೋಪಿಯನ್ನರು ಬರುವ ಮೊದಲೂ ಆ ನಾಡಿನ ಜನ ಬೇಟೆಯಾಡುತ್ತಿದ್ದರು, ಮೃಗಗಳೂ ವಿಪುಲವಾಗಿದ್ದವು. 19ನೆಯ ಶತಮಾನದಲ್ಲಿ ಬಂದೂಕು ಬಂತು, ದಂತ ಮತ್ತು ಚರ್ಮದ ವ್ಯಾಪಾರ ಬೆಳೆಯಿತು. ಜೀಬ್ರಾದ ಬಳಗಕ್ಕೆ ಸೇರಿದ ಕ್ವಾಗಾ ಎಂಬ ಪ್ರಾಣಿಯ ಕೊನೆಯ ಕುಡಿ 1883ರಲ್ಲಿ ಆಮ್‌ಸ್ಟರ್‌ಡಾಮ್ ಮೃಗಾಲಯದಲ್ಲಿ ಸತ್ತಿತು. ದಕ್ಷಿಣದ ಬಿಳಿ ಘೇಂಡಾಮೃಗಗಳು ನೂರಕ್ಕೂ ಕಡಿಮೆಯಾಗಿ ಉಮ್‌ಫೊಲೋಜಿ ಎಂಬ ಒಂದೇ ಕಣಿವೆಯಲ್ಲಿ ಉಳಿದವು. ಆ ಪ್ರದೇಶವನ್ನು 1895ರಲ್ಲಿ ಮೀಸಲು ಅರಣ್ಯವೆಂದು ಘೋಷಿಸಲಾಯಿತು. ಮರುವರ್ಷವೇ ಬಂದ ರಿಂಡರ್‌ಪೆಸ್ಟ್ ಪಿಡುಗು ದನಗಳನ್ನೂ ಕಾಡೆಮ್ಮೆಗಳನ್ನೂ ರಾಶಿರಾಶಿಯಾಗಿ ಕೊಂದಿತು.

ಇದರ ಬಳಿಕ ವಸಾಹತು ಸರ್ಕಾರಗಳು ಮೃಗರಕ್ಷಣೆಯ ಕಾನೂನು ಮಾಡಿದವು. ಮೃಗಗಳು ಸರ್ಕಾರದ ಸೊತ್ತಾದವು. ಬಿಳಿಯರು ಪರವಾನಗಿ ಪಡೆದು ಆಡಿದ ಬೇಟೆ ಕ್ರೀಡೆ ಎನಿಸಿತು, ಹಳ್ಳಿಗರು ಊಟಕ್ಕಾಗಿ ಆಡಿದ್ದು ಕಳ್ಳಬೇಟೆ ಎನಿಸಿತು. ಅದೇ ಸರ್ಕಾರಗಳು ದನಗಳಿಗೆ ರೋಗ ಹರಡುವ ಸೆಟ್ಸಿ ನೊಣವನ್ನು ಅಳಿಸಲು ಕಾಡುಮೃಗಗಳನ್ನೇ ಗುಂಡಿಟ್ಟು ಕೊಲ್ಲಿಸಿದವು. ಇಂದಿನ ಜಿಂಬಾಬ್ವೆಯಾದ ದಕ್ಷಿಣ ರೊಡೇಷಿಯದಲ್ಲಿ ಕೆಲವೇ ದಶಕಗಳಲ್ಲಿ ಹೀಗೆ ಸತ್ತ ಪ್ರಾಣಿಗಳ ಸಂಖ್ಯೆ ಆರು ಲಕ್ಷಕ್ಕೂ ಮಿಗಿಲು. ರೈತನಿಗೆ ಕಾಡುಮೃಗವು ಹುಲ್ಲು ತಿನ್ನುವ, ರೋಗ ತರುವ ಶತ್ರುವಾಯಿತು.

ಮೃಗಸಾಕಣೆಯ ವಿಚಾರ

ಈ ದೃಷ್ಟಿಯನ್ನು ಪ್ರಶ್ನಿಸಿದವರಲ್ಲಿ ರೇಮಂಡ್ ಡಾಸ್ಮನ್ ಮತ್ತು ಆರ್ಚಿ ಮಾಸ್‌ಮನ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಪ್ರಮುಖರು. 1959ರ ಸುಮಾರಿಗೆ ಅವರು ದಕ್ಷಿಣ ರೊಡೇಷಿಯದ ಒಂದು ದನದ ಜಮೀನಿನಲ್ಲಿ ಲೆಕ್ಕ ಹಾಕಿ, ಅಂತಹ ಒಣಭೂಮಿಯಲ್ಲಿ ಕಾಡುಮೃಗಗಳ ಮಾಂಸದಿಂದ ದನದ ಮಾಂಸದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಆದಾಯ ಸಾಧ್ಯವೆಂದು ವಾದಿಸಿದರು. ಕೃಷಿ ವಿಜ್ಞಾನದ ದೃಷ್ಟಿಯಿಂದ ಇದರ ತರ್ಕ ಸರಳ. ದನ ಮುಖ್ಯವಾಗಿ ಹುಲ್ಲನ್ನೇ ಮೇಯುತ್ತದೆ. ಜೀಬ್ರಾ ಒರಟು ಹುಲ್ಲನ್ನು, ಕುಡು ಜಿಂಕೆ ಪೊದೆಯ ಚಿಗುರನ್ನು, ಜಿರಾಫೆ ಮರದ ಮೇಲಿನ ಸೊಪ್ಪನ್ನು ತಿನ್ನುತ್ತದೆ. ನಮ್ಮ ತೋಟದಲ್ಲಿ ಅಡಿಕೆ, ಕಾಳುಮೆಣಸು, ಏಲಕ್ಕಿ ಬೇರೆ ಬೇರೆ ಎತ್ತರದಲ್ಲಿ ಬಿಸಿಲನ್ನು ಹಂಚಿಕೊಂಡಂತೆ ಆ ಮೃಗಗಳು ಮೇವನ್ನು ಹಂಚಿಕೊಳ್ಳುತ್ತವೆ. ಮಳೆ ಕಡಿಮೆಯಾದ ವರ್ಷದಲ್ಲೂ ಬದುಕುತ್ತವೆ.

ಆದರೆ ಮೃಗವು ಸರ್ಕಾರದ ಸೊತ್ತಾಗಿರುವವರೆಗೆ ಭೂಮಾಲೀಕನಿಗೆ ಅದನ್ನು ಉಳಿಸುವ ಆಸಕ್ತಿ ಬಾರದು. ಆದುದರಿಂದ ನಮೀಬಿಯದಲ್ಲಿ 1960ರ ದಶಕದ ಕೊನೆಯಿಂದ, ರೊಡೇಷಿಯದಲ್ಲಿ 1975ರ ಕಾಯ್ದೆಯಿಂದ, ಭೂಮಾಲೀಕರಿಗೆ ತಮ್ಮ ಜಮೀನಿನ ಮೃಗಗಳ ಬಳಕೆಯ ಹಕ್ಕು ದೊರೆಯಿತು. ಮಾಂಸಕ್ಕಿಂತ ಹೆಚ್ಚಿನ ಹಣ ಟ್ರೋಫಿ ಬೇಟೆಯಿಂದ ಬಂತು. ತಲೆ, ಕೊಂಬು, ಚರ್ಮಗಳನ್ನು ಸ್ಮರಣಿಕೆಯಾಗಿ ಒಯ್ಯಲು ಬರುವ ವಿದೇಶಿ ಗಿರಾಕಿ ದಿನಕ್ಕಿಷ್ಟು, ಪ್ರಾಣಿಗಿಷ್ಟು ಎಂದು ಶುಲ್ಕ ತೆರುತ್ತಾನೆ. ಅವನ ಜೊತೆಯಲ್ಲಿರುವ ಪರವಾನಗಿದಾರನೇ ವೃತ್ತಿಪರ ಬೇಟೆಗಾರ. ಯಾವ ಗಂಡು ವಯಸ್ಸಾದದ್ದು, ಯಾವುದನ್ನು ಬಿಡಬೇಕು, ಗಾಯಗೊಂಡ ಪ್ರಾಣಿಯ ಜಾಡನ್ನು ಹೇಗೆ ಹಿಡಿಯಬೇಕು ಎಂಬುದು ಅವನ ಹೊಣೆ. ಜಿಂಬಾಬ್ವೆಯಲ್ಲಿ ಈ ಪರವಾನಗಿಗೆ ಲಿಖಿತ ಪರೀಕ್ಷೆ, ಅನುಭವಿಯ ಕೈಕೆಳಗೆ ವರ್ಷಗಳ ತರಬೇತಿ, ಬಳಿಕ ಕಾಡಿನಲ್ಲಿಯೇ ಪ್ರಾಯೋಗಿಕ ಪರೀಕ್ಷೆ ಇವೆ.

ಈ ಹಕ್ಕು ಮೊದಲು ದೊರೆತದ್ದು ಬಿಳಿಯ ಭೂಮಾಲೀಕರಿಗೆ ಮಾತ್ರ ಎಂಬುದನ್ನು ಮರೆಯಬಾರದು. ಬಹುಸಂಖ್ಯಾತ ಕರಿಯರು ಬದುಕುತ್ತಿದ್ದ ಸಮುದಾಯ ಭೂಮಿಯಲ್ಲಿ ಆನೆ ಜೋಳವನ್ನು ತುಳಿದರೂ ಅದು ಸರ್ಕಾರದ ಆನೆಯೇ.

ಹಳ್ಳಿಗೆ ಹಕ್ಕು ಬಂದಾಗ

ಸ್ವಾತಂತ್ರ್ಯಾನಂತರ ಜಿಂಬಾಬ್ವೆ ಆ ಹಕ್ಕನ್ನು ಸಮುದಾಯ ಭೂಮಿಗೂ ವಿಸ್ತರಿಸಿತು. 1980ರ ದಶಕದ ಕೊನೆಯಲ್ಲಿ ಆರಂಭವಾದ ಈ ಯೋಜನೆಯೇ ಕ್ಯಾಂಪ್‌ಫೈರ್. ಬೇಟೆಯ ಕೋಟಾ ಮಾರಿ ಬಂದ ಹಣದಲ್ಲಿ ಕನಿಷ್ಠ ಅರ್ಧ ಮೃಗಗಳಿರುವ ಹಳ್ಳಿಗಳಿಗೆ ಸಲ್ಲಬೇಕೆಂದು ಮಾರ್ಗಸೂಚಿ ಇತ್ತು. ಶಾಲೆ, ಕೊಳವೆಬಾವಿ, ಹಿಟ್ಟಿನ ಗಿರಣಿಗಳು ಬಂದವು. ಆದರೆ ಕಾನೂನಿನ ಅಧಿಕಾರ ಹಳ್ಳಿಗೆ ಇಳಿಯದೆ ಜಿಲ್ಲಾ ಮಂಡಳಿಯಲ್ಲಿಯೇ ನಿಂತಿತು. ಅನೇಕ ಮಂಡಳಿಗಳು ಹಣವನ್ನು ತಮ್ಮಲ್ಲಿಯೇ ಉಳಿಸಿಕೊಂಡವು. ಆದಾಯದ ಬಹುಪಾಲು ಆನೆಯ ಬೇಟೆಯನ್ನೇ ನೆಚ್ಚಿದ್ದರಿಂದ, 2014ರಲ್ಲಿ ಅಮೆರಿಕ ಜಿಂಬಾಬ್ವೆಯ ಆನೆ ಟ್ರೋಫಿಗಳ ಆಮದನ್ನು ತಡೆದಾಗ ದೂರದ ಹಳ್ಳಿಗಳು ಪೆಟ್ಟು ತಿಂದವು. 2015ರಲ್ಲಿ ಹ್ವಾಂಗೆ ಉದ್ಯಾನದ ಅಂಚಿನಲ್ಲಿ ಸೆಸಿಲ್ ಎಂಬ ಸಿಂಹ ಹತವಾದಾಗ ಜಗತ್ತೇ ಮರುಗಿತು. ಸಿಂಹ, ಆನೆಗಳ ನಡುವೆ ದಿನ ಕಳೆಯುವ ಹಳ್ಳಿಗರನ್ನು ಕೇಳಿದವರು ವಿರಳ.

ನಮೀಬಿಯ ಈ ಅನುಭವದಿಂದ ಪಾಠ ಕಲಿಯಿತು. 1996ರ ತಿದ್ದುಪಡಿಯಂತೆ ಹಳ್ಳಿಗರು ತಾವೇ ಗಡಿ ಗುರುತಿಸಿ, ಸದಸ್ಯರ ಪಟ್ಟಿ ಮಾಡಿ, ನಿಯಮಾವಳಿ ಬರೆದು ಕನ್ಸರ್ವೆನ್ಸಿ ಎಂಬ ಸಂಘವನ್ನು ನೋಂದಾಯಿಸಬಹುದು. ಹಣ ನೇರವಾಗಿ ಸಂಘಕ್ಕೆ ಸೇರುತ್ತದೆ. 1998ರಲ್ಲಿ ನಾಲ್ಕು ಇದ್ದ ಇಂತಹ ಸಂಘಗಳು 86ಕ್ಕೆ ಏರಿ, ದೇಶದ ಸುಮಾರು ಐದನೆಯ ಒಂದು ಭಾಗ ಭೂಮಿಯನ್ನು ವ್ಯಾಪಿಸಿದವು. ಎಷ್ಟು ಪ್ರಾಣಿ ಎಂಬ ಕೋಟಾವನ್ನು ಎಣಿಕೆಯ ಆಧಾರದ ಮೇಲೆ ಸರ್ಕಾರ ನಿಗದಿಪಡಿಸುತ್ತದೆ. ಯಾವ ಬೇಟೆ ಸಂಸ್ಥೆಯೊಡನೆ ಒಪ್ಪಂದ, ಹಣದ ಬಳಕೆ ಹೇಗೆ ಎಂಬುದನ್ನು ಸಂಘ ನಿರ್ಧರಿಸುತ್ತದೆ. ಮಾಂಸ ಹಳ್ಳಿಗೆ ಹಂಚಿಕೆಯಾಗುತ್ತದೆ.

ಇಲ್ಲಿಯೂ ತೊಡಕುಗಳಿವೆ. ದೀರ್ಘ ಬರಗಳಿಂದ ವಾಯವ್ಯ ಭಾಗದಲ್ಲಿ ಮೃಗಗಳು ಬಹಳ ಕ್ಷೀಣಿಸಿದವು. 2020ರಲ್ಲಿ ಕೋವಿಡ್‌ನಿಂದ ಪ್ರವಾಸಿಗಳು ಬಾರದೆ ಆದಾಯ ಕುಸಿಯಿತು. 2024ರ ಬರದಲ್ಲಿ 83 ಆನೆಗಳೂ ಸೇರಿದಂತೆ 723 ಪ್ರಾಣಿಗಳನ್ನು ಆಹಾರಕ್ಕಾಗಿ ಕೊಲ್ಲಲು ಸರ್ಕಾರ ನಿರ್ಧರಿಸಿತು. ಹೊರಗಿನ ಹಣವನ್ನು ನೆಚ್ಚಿದ ಸಂರಕ್ಷಣೆ ಹೊರಗಿನ ಗಾಳಿಗೆ ಅಲುಗುತ್ತದೆ.

ಬೇಲಿಯೊಳಗೆ ನಡೆದದ್ದು

ದಕ್ಷಿಣ ಆಫ್ರಿಕಾ ಬೇರೆ ದಾರಿ ಹಿಡಿಯಿತು. 1991ರ ಕಾಯ್ದೆಯಂತೆ, ಸಾಕಷ್ಟು ಭದ್ರವಾದ ಬೇಲಿ ಹಾಕಿದ ಜಮೀನಿನ ಮೃಗ ಜಮೀನುದಾರನ ಸೊತ್ತು, ಬೇಲಿ ದಾಟಿದರೂ ಅವನದೇ. ಇಂತಹ ಗೇಮ್ ರಾಂಚ್‌ಗಳು ಸುಮಾರು 9,000ಕ್ಕೆ ಏರಿದವು. ಅವುಗಳ ವಿಸ್ತೀರ್ಣ ಸರ್ಕಾರಿ ಅಭಯಾರಣ್ಯಗಳ ಒಟ್ಟು ವಿಸ್ತೀರ್ಣವನ್ನು ಮೀರಿಸಿತು. ಇದರ ಲಾಭವನ್ನು ಅಲ್ಲಗಳೆಯಲಾಗದು. 1968ರಲ್ಲಿ ಬಿಳಿ ಘೇಂಡಾಮೃಗದ ಬೇಟೆ ಮತ್ತೆ ಆರಂಭವಾದಾಗ ಅವು 1,800ರಷ್ಟಿದ್ದವು. 2012ರ ಹೊತ್ತಿಗೆ ಸುಮಾರು 20,000 ಆಗಿದ್ದವು. ಉಮ್‌ಫೊಲೋಜಿಯಿಂದ ಹೊಸ ನೆಲೆಗಳಿಗೆ ಸಾಗಿಸಿದ ಅರಣ್ಯ ಸಿಬ್ಬಂದಿಯ ಶ್ರಮ ಮತ್ತು ಖಾಸಗಿ ಜಮೀನುಗಳು, ಎರಡೂ ಇದಕ್ಕೆ ಕಾರಣ.

ಆದರೆ ಸೊತ್ತಾದ ಮೃಗವನ್ನು ಮಾಲೀಕನು ತಳಿಯಾಗಿ ಕಾಣತೊಡಗಿದನು. ಚಿನ್ನದ ಬಣ್ಣದ ವಿಲ್ಡೆಬೀಸ್ಟ್, ಕಪ್ಪು ಇಂಪಾಲಾ, ಅಗಲ ಕೊಂಬಿನ ಕಾಡೆಮ್ಮೆಗಳನ್ನು ಆಯ್ದು ಬೆಳೆಸಲಾಯಿತು. 2016ರಲ್ಲಿ ಒಂದು ಕಾಡೆಮ್ಮೆ ಹೋರಿಯ ಪಾಲು ಮಾರಾಟವಾದಾಗ ಅದರ ಒಟ್ಟು ಮೌಲ್ಯ 17 ಕೋಟಿ ರ‍್ಯಾಂಡ್ ಮೀರಿತ್ತು. ಸ್ವಲ್ಪ ಕಾಲದಲ್ಲಿಯೇ ಆ ಮಾರುಕಟ್ಟೆ ಕುಸಿಯಿತು. ತಳಿ ಅಭಿವೃದ್ಧಿ ಬಲ್ಲವರಿಗೆ ಇದರ ಅಪಾಯ ತಿಳಿಯುತ್ತದೆ. ನಿಸರ್ಗದಲ್ಲಿ ಆಯ್ಕೆ ಮಾಡುವುದು ಬರ, ರೋಗ, ಸಿಂಹ. ಇಲ್ಲಿ ಆಯ್ಕೆ ಮಾಡಿದ್ದು ಹರಾಜು. ಒಳಸಂಬಂಧದ ಸಂತಾನದಿಂದ ದೌರ್ಬಲ್ಯ ಬರುತ್ತದೆ. ಪ್ರಕೃತಿಯಲ್ಲಿ ದೂರವಿದ್ದ ಕಪ್ಪು ಮತ್ತು ನೀಲಿ ವಿಲ್ಡೆಬೀಸ್ಟ್‌ಗಳು ಒಂದೇ ಬೇಲಿಯೊಳಗೆ ಬೆರಕೆಯಾದವು. ಬೆಲೆಬಾಳುವ ಜಿಂಕೆಯ ಬೇಲಿಯೊಳಗೆ ಚಿರತೆ, ಕಾಡುನಾಯಿಗಳು ಮತ್ತೆ ಶತ್ರುಗಳಾದವು.

ಇದರ ತುದಿಯೇ ಬೋನಿನ ಸಿಂಹಗಳು. ಮರಿಯನ್ನು ತಾಯಿಯಿಂದ ಬೇರ್ಪಡಿಸಿ ಪ್ರವಾಸಿಗಳಿಗೆ ಮುದ್ದಾಡಲು ಕೊಡುವುದು, ಬೆಳೆದ ಮೇಲೆ ಸಣ್ಣ ಆವರಣದಲ್ಲಿ ಗಿರಾಕಿಯ ಗುಂಡಿಗೆ ಒಡ್ಡುವುದು, ಮೂಳೆಯನ್ನು ಏಷ್ಯಾಕ್ಕೆ ಮಾರುವುದು. 2017ರಲ್ಲಿ 800 ಅಸ್ಥಿಪಂಜರಗಳ ರಫ್ತಿಗೆ ಅನುಮತಿ ಇತ್ತು. ಅಂತಹ ಕೋಟಾ ಕಾನೂನುಬಾಹಿರವೆಂದು 2019ರಲ್ಲಿ ನ್ಯಾಯಾಲಯ ಹೇಳಿತು. ಈ ಉದ್ಯಮವನ್ನು ಕೊನೆಗಾಣಿಸುವುದಾಗಿ 2021ರಲ್ಲಿ ಸರ್ಕಾರವೇ ಪ್ರಕಟಿಸಿತು. ಅದನ್ನು ಸಂರಕ್ಷಣೆಯೆಂದು ಕರೆಯಲು ಯಾವ ಆಧಾರವೂ ಇರಲಿಲ್ಲ.

ಇನ್ನೊಂದು ಸಂಗತಿ ಕಡಿಮೆ ಚರ್ಚೆಯಾಗುತ್ತದೆ. 1913ರ ಭೂ ಕಾಯ್ದೆಯಿಂದ ದಕ್ಷಿಣ ಆಫ್ರಿಕಾದ ಬಹುಪಾಲು ಭೂಮಿ ಬಿಳಿಯರ ಪಾಲಾಗಿತ್ತು. ದನದ ಜಮೀನು ಮೃಗದ ಜಮೀನಾದಾಗ, ತಲೆಮಾರುಗಳಿಂದ ಅಲ್ಲಿ ವಾಸವಾಗಿದ್ದ ಕೂಲಿ ಕುಟುಂಬಗಳು ಹಲವೆಡೆ ಎತ್ತಂಗಡಿಯಾದವು. ಬೇಲಿ ಮೃಗವನ್ನು ಒಳಗಿಟ್ಟಿತು, ಮನುಷ್ಯರನ್ನು ಹೊರಗಿಟ್ಟಿತು.

ನಿಷೇಧವೂ ಪರಿಹಾರವಾಗಲಿಲ್ಲ

ಬೋತ್ಸ್ವಾನಾ 2014ರಲ್ಲಿ ಬೇಟೆಯನ್ನು ನಿಷೇಧಿಸಿತು. ಸುಮಾರು 1,30,000 ಆನೆಗಳಿರುವ ದೇಶವದು. ಛಾಯಾಚಿತ್ರ ಪ್ರವಾಸಕ್ಕೆ ಒಗ್ಗದ ಒಣ ಪ್ರದೇಶದ ಹಳ್ಳಿಗಳು ಉದ್ಯೋಗವನ್ನೂ ಮಾಂಸವನ್ನೂ ಕಳೆದುಕೊಂಡವು, ಬೆಳೆನಾಶ ಮಾತ್ರ ಮುಂದುವರಿಯಿತು. 2019ರಲ್ಲಿ ನಿಷೇಧ ತೆರವಾಯಿತು. ಜರ್ಮನಿಯು ಟ್ರೋಫಿ ಆಮದಿಗೆ ಅಡ್ಡಿ ಮಾಡುವ ಮಾತೆತ್ತಿದಾಗ ಅಂದಿನ ಅಧ್ಯಕ್ಷ ಮಸೀಸಿ 2024ರಲ್ಲಿ, ಹಾಗಾದರೆ 20,000 ಆನೆಗಳನ್ನು ನಿಮ್ಮಲ್ಲಿಗೇ ಕಳಿಸುತ್ತೇವೆ ಎಂದರು. ಮಾತು ವ್ಯಂಗ್ಯದ್ದಾದರೂ, ಆನೆಯೊಡನೆ ಬದುಕುವವರ ನೋವು ಅದರಲ್ಲಿತ್ತು.

ನಮಗೇನು?

ಬಂಧುಗಳೇ, ಇವೆಲ್ಲದರಿಂದ ನಾನು ಕಂಡುಕೊಂಡದ್ದು ಇಷ್ಟು. ಬೇಟೆಗೆ ಅನುಮತಿ ಇದ್ದಲ್ಲೆಲ್ಲ ಮೃಗ ಉಳಿಯಲಿಲ್ಲ, ನಿಷೇಧವಿದ್ದಲ್ಲೆಲ್ಲವೂ ಉಳಿಯಲಿಲ್ಲ. ಮೃಗದ ಜೊತೆ ಬದುಕಿ ನಷ್ಟ ಅನುಭವಿಸುವವರಿಗೆ ತೀರ್ಮಾನದಲ್ಲಿ ಪಾಲಿದ್ದಲ್ಲಿ, ಲೆಕ್ಕ ಬಯಲಾಗಿದ್ದಲ್ಲಿ, ಕಾಡು ಕಾಡಾಗಿಯೇ ಉಳಿದಲ್ಲಿ ಎರಡೂ ಬದುಕಿದವು. ಮೃಗವು ಒಬ್ಬನ ಖಾಸಗಿ ಸೊತ್ತಾದಲ್ಲಿ ಸಂಖ್ಯೆ ಬೆಳೆಯಿತು, ವನ್ಯತೆ ಕುಂದಿತು.

ಆಫ್ರಿಕಾದ ಕೋವಿಯನ್ನು ಮಲೆನಾಡಿಗೆ ತರುವ ಮಾತು ಈ ಕಾರಣಕ್ಕಾಗಿಯೇ ದಾರಿ ತಪ್ಪಿದ್ದು. ಅಲ್ಲಿಯದು ವಿರಳ ಜನವಸತಿಯ, ಸಾವಿರಾರು ಎಕರೆಗಳ ಒಣಭೂಮಿ. ಇಲ್ಲಿ ಎರಡು ಎಕರೆ ಗದ್ದೆ-ತೋಟದ ಅಂಚಿಗೇ ಕಾಡು ಹತ್ತಿಕೊಂಡಿದೆ. ಇಲ್ಲಿ ಬೇಟೆಯ ಶುಲ್ಕದ ವ್ಯಾಪಾರ ಆರಂಭವಾದರೆ ಲಾಭ ಯಾರ ಕೈ ಸೇರೀತೆಂದು ಊಹಿಸುವುದು ಕಷ್ಟವಲ್ಲ.

ತರಬೇಕಾದದ್ದು ಬೇರೆ ಇದೆ. ನಮೀಬಿಯದ ಸಂಘಗಳು 2000ದ ಸುಮಾರಿನಿಂದ ಘಟನಾ ಪುಸ್ತಕವೊಂದನ್ನು ಇಡುತ್ತ ಬಂದಿವೆ. ಹಳ್ಳಿಯ ಕಾವಲುಗಾರ ನಡೆದು ಕಂಡದ್ದನ್ನು, ಬೆಳೆನಾಶವನ್ನು, ಸತ್ತ ದನವನ್ನು, ಕಳ್ಳಬೇಟೆಯ ಉರುಳನ್ನು ದಿನಾಂಕಸಹಿತ ಅದರಲ್ಲಿ ಗುರುತಿಸುತ್ತಾನೆ. ವರ್ಷದ ಕೊನೆಗೆ ಮೂಲ ಪುಸ್ತಕ ಹಳ್ಳಿಯಲ್ಲಿಯೇ ಉಳಿಯುತ್ತದೆ, ಇಲಾಖೆಗೆ ಪ್ರತಿ ಹೋಗುತ್ತದೆ. ಇದಕ್ಕೆ ಕೋವಿಯೂ ಬೇಡ, ಪರವಾನಗಿಯೂ ಬೇಡ. ನಮ್ಮ 2006ರ ಅರಣ್ಯ ಹಕ್ಕು ಕಾಯ್ದೆ ಬೇಟೆಯ ಹಕ್ಕನ್ನು ಹೊರಗಿಟ್ಟಿದೆ, ಆದರೆ ವನ್ಯಜೀವಿ ಮತ್ತು ಕಾಡನ್ನು ರಕ್ಷಿಸುವ ಅಧಿಕಾರವನ್ನು ಹಕ್ಕುದಾರರಿಗೂ ಅವರ ಗ್ರಾಮಸಭೆಗೂ ನೀಡಿದೆ. ಆ ಅಧಿಕಾರವನ್ನು ಚಲಾಯಿಸಲು ನಮ್ಮ ಕೈಯಲ್ಲಿ ಲೆಕ್ಕವಿರಬೇಕು. ಯಾವ ತಿಂಗಳಲ್ಲಿ ಯಾವ ಗದ್ದೆಗೆ ಆನೆ ಇಳಿಯಿತು, ಮಂಗಗಳ ಹಿಂಡು ಯಾವ ಕಾಡು ಬೋಳಾದ ಮೇಲೆ ಊರಿಗೆ ಬಂತು ಎಂಬುದನ್ನು ಬರೆದಿಟ್ಟ ಊರಿನ ಮಾತನ್ನು ಅಧಿಕಾರಿಗಳು ಸುಲಭವಾಗಿ ತಳ್ಳಿಹಾಕಲಾರರು.

ವಿದ್ಯಾರ್ಥಿ ಮಿತ್ರರಲ್ಲಿ ನನ್ನ ವಿನಂತಿ ಇದೇ: ಪ್ರತಿ ಊರಿನಲ್ಲಿ ಇಬ್ಬರು ಮೂವರು ಸೇರಿ ಈ ಮಳೆಗಾಲದಿಂದಲೇ ಅಂತಹ ಒಂದು ಪುಸ್ತಕವನ್ನು ಆರಂಭಿಸಿ, ಅದನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ.